ಹೊಲದ ಬೆಲೆ ಏರುವುದೇಕೆ, ಇಳಿಯುವುದೇಕೆ?
ಮೊದಲ ಸಲ ಭೂಮಿಗೆ ಹಣ ಹೂಡುವ ರೈತರಿಗೆ ಒಂದು ಪಾಠ



ಹತ್ತಿ ಮಾರಿ ಬಂದ ಹಣ, ಮಗನು ಬೆಂಗಳೂರಿಗೆ ಗುಳೆ ಹೋಗಿ ಕೂಡಿಸಿ ತಂದ ಹಣ, ಹೆದ್ದಾರಿಗೆ ಹೋದ ಹೊಲದ ಪರಿಹಾರದ ಹಣ, ಹೀಗೆ ಯಾವುದೋ ಒಂದು ಕಡೆಯಿಂದ ಕೈಯಲ್ಲಿ ನಾಲ್ಕು ಕಾಸು ನಿಂತಾಗ ನಮ್ಮವರ ಮನಸ್ಸು ಹೋಗುವುದು ಭೂಮಿಯ ಕಡೆಗೇ. ಇನ್ನೊಂದೆರಡು ಎಕರೆ ಹೊಲ ಕೊಳ್ಳೋಣವೆಂದು ಒಬ್ಬರು, ರಾಯಚೂರಿನಲ್ಲಿ ಒಂದು ನಿವೇಶನ ಹಿಡಿಯೋಣವೆಂದು ಇನ್ನೊಬ್ಬರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ “ಭೂಮಿಯ ಬೆಲೆ ಎಂದೂ ಇಳಿಯುವುದಿಲ್ಲ” ಎಂಬ ಮಾತೊಂದನ್ನೇ ನಂಬಿ ಸಂಚಕಾರ ಕೊಡಲು ಹೊರಡಬೇಡಿರಿ. ಭೂಮಿಯ ಬೆಲೆ ಏರುತ್ತದೆ, ನಿಲ್ಲುತ್ತದೆ, ಇಳಿಯುವುದೂ ಉಂಟು. ಅದು ಹೇಗೆಂಬುದನ್ನು ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯ ಕಥೆಯಿಂದಲೇ ತಿಳಿಯೋಣ. ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿರಿ.

ಬೆಲೆ ಮಣ್ಣೊಂದಕ್ಕೇ ಅಲ್ಲ

ಒಂದೇ ಬಗೆಯ ಎರೆ ಹೊಲ ಎರಡು ಇವೆಯೆನ್ನಿ. ಒಂದು ಕಾಲುವೆಯ ಪಕ್ಕದಲ್ಲಿದೆ, ಇನ್ನೊಂದು ಮಳೆಯನ್ನೇ ನಂಬಿಕೊಂಡಿದೆ. ಮಣ್ಣು ಅದೇ, ಗುಂಟೆಗಳೂ ಅಷ್ಟೇ. ಬೆಲೆ ಮಾತ್ರ ಒಂದೇ ಅಲ್ಲ. ಅಂದ ಮೇಲೆ ಕೊಳ್ಳುವವನು ಹಣ ಕೊಡುವುದು ಬರೀ ಮಣ್ಣಿಗಲ್ಲ, ಆ ಮಣ್ಣಿಗೆ ಹತ್ತಿಕೊಂಡು ಬರುವ ನೀರಿಗೆ, ದಾರಿಗೆ, ಕಾಗದ ಪತ್ರದ ಶುದ್ಧಿಗೆ, ಮುಂದೆ ಏನೋ ಆಗುತ್ತದೆಂಬ ಆಸೆಗೆ. ನೀರು ನಿಂತರೆ, ದಾರಿ ಬೇರೆ ಕಡೆಗೆ ಹೋದರೆ, ಕಾಗದದಲ್ಲಿ ತಕರಾರು ಎದ್ದರೆ, ಆಸೆ ಆರಿದರೆ ಬೆಲೆಯೂ ಕುಸಿಯುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಕಾಲುವೆ ಬಂದಾಗ ಏನಾಯಿತು

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. ಆಗ ರಾಯಚೂರು ಹೈದರಾಬಾದು ಸಂಸ್ಥಾನದಲ್ಲಿತ್ತು, ನದಿಯ ಆಚೆ ದಡ ಮದ್ರಾಸು ಪ್ರಾಂತದಲ್ಲಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆಗೆ ಬಂತು. ಅಲ್ಲಿಯವರೆಗೆ ಜೋಳ, ಹತ್ತಿ, ಮಳೆ ಎಂದು ಬದುಕಿದ್ದ ಸೀಮೆ ಅದು. ಬರ ಬಂದರೆ ಎಕರೆಗಟ್ಟಲೆ ಹೊಲವಿದ್ದವನ ಮನೆಯಲ್ಲೂ ಕಾಳಿಗೆ ತತ್ವಾರ.

ಕಾಲುವೆ ಬಂದೊಡನೆ ಇಲ್ಲಿನ ರೈತರೆಲ್ಲರೂ ಸಿರಿವಂತರಾಗಬೇಕಿತ್ತಲ್ಲವೆ? ಹಾಗಾಗಲಿಲ್ಲ. ನೀರು ಹಾಯಿಸಬೇಕಾದರೆ ಹೊಲ ಮಟ್ಟ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು. ಅದಕ್ಕೆ ಹಣ ಬೇಕು, ಜನ ಬೇಕು, ಭತ್ತದ ಬೇಸಾಯದ ಅನುಭವ ಬೇಕು. ಮಳೆ ನಂಬಿದ ರೈತನ ಬಳಿ ಹೊಲವೊಂದಿತ್ತೇ ಹೊರತು ಇವು ಇರಲಿಲ್ಲ. ಅದೇ ಕಾಲಕ್ಕೆ ಕೃಷ್ಣಾ, ಗೋದಾವರಿ ನದಿಗಳ ಕರಾವಳಿ ಜಿಲ್ಲೆಗಳಿಂದ ಭತ್ತ ಬಲ್ಲ ರೈತರು ಬಂದರು. ಅಲ್ಲಿಯ ತಮ್ಮ ತುಂಡು ಹೊಲವನ್ನು ದುಬಾರಿ ಬೆಲೆಗೆ ಮಾರಿ, ಇಲ್ಲಿ ಅದೇ ಹಣಕ್ಕೆ ಹಲವು ಪಟ್ಟು ಭೂಮಿ ಹಿಡಿದರು. ಗುಡಿಸಲು ಹಾಕಿಕೊಂಡು ನೆಲ ಮಟ್ಟ ಮಾಡಿದರು. ಸಿಂಧನೂರು, ಮಾನ್ವಿ ಕಡೆಯ ಊರುಗಳ ಹೆಸರಿನ ಕೊನೆಗೆ ಇಂದಿಗೂ “ಕ್ಯಾಂಪ್” ಎಂದು ಅಂಟಿಕೊಂಡಿರುವುದು ಹೀಗೆ.

ಅವರ ದುಡಿಮೆಯನ್ನು ಹಳಿಯುವಂತಿಲ್ಲ. ನೆಲವನ್ನು ಗದ್ದೆ ಮಾಡಿದ್ದು ಆ ಕೈಗಳೇ. ಆದರೆ ನಮ್ಮ ಎಷ್ಟೋ ಮನೆಗಳ ಹಿರಿಯರು ಒಣಭೂಮಿಯ ಬೆಲೆಗೆ ಹೊಲ ಕೊಟ್ಟು, ಕೆಲವೇ ವರ್ಷಗಳಲ್ಲಿ ಅದೇ ಹೊಲದಲ್ಲಿ ನಾಟಿಗೆ ಕೂಲಿ ಹೋದರೆಂಬುದೂ ನಿಜ. ಇಲ್ಲಿ ಎರಡು ವಿಷಯ ತಿಳಿಯುತ್ತವೆ. ಮಾರಿದವನಿಗೆ ಸಿಕ್ಕಿದ್ದು ನಿನ್ನೆಯ ಬೆಲೆ. ಕೊಂಡವನು ಲೆಕ್ಕ ಹಾಕಿದ್ದು ನಾಳೆಯ ಬೆಲೆ. ಎರಡನೆಯದು, ಕಾಲುವೆ ಬಂದ ಮಾತ್ರಕ್ಕೆ ಬೆಲೆ ಪೂರ್ತಿ ಏರಲಿಲ್ಲ. ಕಾಲುವೆಯ ನೀರನ್ನು ಹೊಲಕ್ಕೆ ಹತ್ತಿಸುವ ಶಕ್ತಿ ಇದ್ದವನಿಗೆ ಏರಿತು. ಅಂಥ ಹೊತ್ತಿನಲ್ಲಿ ಇದ್ದ ಹತ್ತು ಎಕರೆಯಲ್ಲಿ ಎರಡು ಎಕರೆ ಮಾರಿ, ಬಂದ ಹಣದಿಂದ ಉಳಿದ ಎಂಟು ಎಕರೆ ಮಟ್ಟ ಮಾಡಿಸುವುದು ಒಂದು ದಾರಿ. ಹತ್ತನ್ನೂ ಮಾರಿ ಮದುವೆ ಮಾಡುವುದು ಇನ್ನೊಂದು ದಾರಿ. ಎರಡರ ಫಲ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ದೇವದುರ್ಗಕ್ಕೆ ಈ ಸರದಿ ತಡವಾಗಿ ಬಂತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಅದರ ಬಲದಂಡೆ ಕಾಲುವೆ ಲಿಂಗಸೂಗೂರು ದಾಟಿ ದೇವದುರ್ಗದ ಹೊಲ ಮುಟ್ಟಲು ಮತ್ತೆ ವರ್ಷಗಳು ಹಿಡಿದವು. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗವನ್ನೂ ಎಣಿಸಿತ್ತು. ಅಲ್ಲಿಯೂ ಕಾಲುವೆ ಬಂದಂತೆ ಭೂಮಿ ಕೇಳುವವರು ಬಂದರು. ಮಾನ್ವಿಯಲ್ಲಿ ನಡೆದುದನ್ನು ಕಣ್ಣಾರೆ ಕಂಡ ನೆಂಟರಿದ್ದರೂ ಅವರನ್ನು ಒಂದು ಮಾತು ಕೇಳದೆ ಮಾರಿದವರು ಇದ್ದರೆಂಬುದೇ ಸೋಜಿಗ.

ಏರಿದ್ದು ಇಳಿಯುವ ಬಗೆ

ನೀರಿನಿಂದ ಏರಿದ ಬೆಲೆ ನೀರಿನಿಂದಲೇ ಇಳಿಯುತ್ತದೆ. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಭೂಮಿಗೆ ಕಡಿಮೆ ನೀರಿನ ಬೆಳೆ, ಸ್ವಲ್ಪ ಭಾಗಕ್ಕೆ ಮಾತ್ರ ಭತ್ತ ಎಂಬ ಲೆಕ್ಕವಿತ್ತು. ಮೇಲ್ಭಾಗದಲ್ಲಿ ಎಲ್ಲೆಲ್ಲೂ ಭತ್ತ ಹಬ್ಬಿತು. ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಕಾಲುವೆಯ ದಂಡೆಯ ಮೇಲೆ ಕುಳಿತು ನೀರಿಗಾಗಿ ಕಾಯುವಂತಾಯಿತು. ಪಹಣಿಯಲ್ಲಿ ನೀರಾವರಿ ಎಂದಿರುತ್ತದೆ. ಹೊಲದಲ್ಲಿ ಬಿರುಕು ಬಿಟ್ಟಿರುತ್ತದೆ. ಅಂಥ ಹೊಲವನ್ನು ನೀರಾವರಿ ಬೆಲೆಗೆ ಕೊಳ್ಳುವವನು ಇಲ್ಲದ ನೀರಿಗೆ ಹಣ ಕೊಟ್ಟ ಹಾಗೆ.

ನೀರು ಹೆಚ್ಚಾದರೂ ಕೇಡೇ. ವರ್ಷಕ್ಕೆ ಎರಡು ಸಲ ಭತ್ತ ಹಾಕಿ, ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದ ತಗ್ಗಿನ ಹೊಲಗಳು ಗಂಗಾವತಿ, ಸಿಂಧನೂರು ಕಡೆ ಜವುಳು ಹಿಡಿದವು, ಸವುಳಾದವು. ಮೇಲೆ ಬಿಳಿ ಉಪ್ಪು ಕಾಣುವ ಹೊಲದ ಬೆಲೆ ಪಕ್ಕದ ಒಳ್ಳೆಯ ಹೊಲದ ಬೆಲೆಗೆ ಸಮನಾಗಲಾರದು.

ಜಲಾಶಯದ ಸ್ಥಿತಿಯನ್ನೂ ನೋಡಿರಿ. ಸುಮಾರು 133 ಟಿ.ಎಂ.ಸಿ. ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರೆಯಲ್ಲಿ ಹೂಳು ತುಂಬಿ, ಹಿಡಿತ 105ರ ಆಸುಪಾಸಿಗೆ ಇಳಿದಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ಬೇಸಿಗೆ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರನ್ನು ತಡೆದರು. ಆ ವಾರ ಮಾನ್ವಿಯ ರೈತನಿಗೆ, ತನ್ನ ಹೊಲದ ಬೆಲೆ ಹೊಸಪೇಟೆಯ ಬಳಿಯ ಒಂದು ಕಬ್ಬಿಣದ ಸರಪಳಿಗೆ ಜೋತುಬಿದ್ದಿದೆ ಎಂಬುದು ತಿಳಿಯಿತು.

ಇನ್ನೊಂದು ಬಗೆಯ ಇಳಿತವಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹತ್ತಿಯ ದರ ಇಳಿದರೆ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಅದೇ ದಿನ ಗೊತ್ತಾಗುತ್ತದೆ. ಹೊಲದ ದರ ಇಳಿದರೆ ಯಾರೂ ಕೂಗಿ ಹೇಳುವುದಿಲ್ಲ. ಮಾರುವವನು “ಮೂವತ್ತಕ್ಕಿಂತ ಕಡಿಮೆ ಇಲ್ಲ” ಎಂದೇ ಹೇಳುತ್ತಿರುತ್ತಾನೆ. ಕೊಳ್ಳುವವನು ಮಾತ್ರ ಬರುವುದಿಲ್ಲ. ಒಂದು ವರ್ಷ ಹೋಗುತ್ತದೆ, ಎರಡು ಹೋಗುತ್ತವೆ. ಬಾಯಿಯ ಬೆಲೆ ನಿಂತಲ್ಲೇ ನಿಂತಿದೆ. ಕಾಳು, ಗೊಬ್ಬರ, ಕೂಲಿ, ಆಸ್ಪತ್ರೆ ಎಲ್ಲದರ ಬೆಲೆ ಮೇಲೇರಿದೆ. ಅಂದರೆ ಹೊಲದ ಬೆಲೆ ಇಳಿದಿದೆ ಎಂದೇ ಅರ್ಥ. 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದಾಗ ಭೂಮಿಯ ವ್ಯಾಪಾರ ಹೀಗೆಯೇ ಹೆಪ್ಪುಗಟ್ಟಿತು. ದರ ಕೇಳಿದರೆ ಹಳೆಯದೇ, ಹಣ ಎಣಿಸುವವರು ಮಾತ್ರ ಇಲ್ಲ. ಅಂಥ ಹೊತ್ತಿನಲ್ಲಿ ಮಗಳ ಮದುವೆಗೋ ಸಾಲಕ್ಕೋ ಮಾರಲೇಬೇಕಾಗಿ ಬಂದವನಿಗೆ ನಿಜವಾದ ಬೆಲೆ ಏನೆಂದು ತಿಳಿಯುತ್ತದೆ.

ಬರದ ವರ್ಷವೂ ಹಾಗೆಯೇ. ಊರಿಗೆ ಊರೇ ಗುಳೆ ಹೊರಟಾಗ ಮಾರುವವರು ಹತ್ತು ಮಂದಿ, ಕೊಳ್ಳುವವನು ಒಬ್ಬ. ಆ ಒಬ್ಬನು ಹೇಳಿದ್ದೇ ಬೆಲೆ. ಆದುದರಿಂದ ಹೊಲ ಇರುವವನು ಒಂದು ವರ್ಷದ ಊಟದ ಕಾಳು, ಸ್ವಲ್ಪ ನಗದು ಬೇರೆ ತೆಗೆದಿಡಬೇಕು. ಬೆಲೆ ಮಲಗಿದಾಗ ಮಾರದೆ ಇರುವ ಶಕ್ತಿ ಬರುವುದು ಅದರಿಂದ.

ಸುದ್ದಿಯ ಬೆಲೆ

ರೈಲು ಬರುತ್ತದೆ, ಹೆದ್ದಾರಿ ಬರುತ್ತದೆ, ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿಗೆ ಹೊಲದ ಬೆಲೆ ಕುದುರೆಯಂತೆ ಓಡುತ್ತದೆ. ಸುದ್ದಿಗಳೆಲ್ಲ ಸುಳ್ಳಲ್ಲ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದರಿಂದ ಈ ಊರು ವ್ಯಾಪಾರದ ಊರಾಯಿತು. 1985ರಲ್ಲಿ ಶಕ್ತಿನಗರದ ವಿದ್ಯುತ್ ಕೇಂದ್ರ ಶುರುವಾಗಿ ಸಂಬಳದ ಜನ ಬಂದರು. ಸಂಬಳದ ಜನ ಬಂದಲ್ಲಿ ಮನೆ ಬೇಕು, ಮನೆಗೆ ಜಾಗ ಬೇಕು. ತೊಂದರೆ ಇರುವುದು ಸುದ್ದಿಗೂ ಕೆಲಸಕ್ಕೂ ನಡುವಿನ ವರ್ಷಗಳಲ್ಲಿ.

ಮುನಿರಾಬಾದ್–ಮಹಬೂಬನಗರ ರೈಲು ಮಾರ್ಗವನ್ನೇ ತೆಗೆದುಕೊಳ್ಳಿರಿ. ಗಂಗಾವತಿ, ಸಿಂಧನೂರು, ಮಾನ್ವಿಗಳ ಮೇಲೆ ರಾಯಚೂರಿಗೆ ಬರಬೇಕಾದ ಮಾರ್ಗ. ಮಂಜೂರಾದದ್ದು 1997–98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಆಗಲೂ ಮಾನ್ವಿಯ ಭಾಗದ ಕೆಲಸ ಉಳಿದೇ ಇತ್ತು. ಮಂಜೂರಾತಿಯ ಸುದ್ದಿ ಕೇಳಿ, ನಿಲ್ದಾಣದ ಪಕ್ಕಕ್ಕೆಂದು ಆ ವರ್ಷವೇ ಸಾಲ ಮಾಡಿ ಮಾನ್ವಿಯಲ್ಲಿ ಜಾಗ ಹಿಡಿದವನೊಬ್ಬನಿದ್ದರೆ, ಆಗ ಹುಟ್ಟಿದ ಅವನ ಮಗ ಮದುವೆಯ ವಯಸ್ಸಿಗೆ ಬಂದರೂ ಅವನು ಶಿಳ್ಳೆ ಕೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕೆಂದು 2022ರಲ್ಲಿ ಧರಣಿ ಆರಂಭವಾಗಿ ಬಹುಕಾಲ ನಡೆಯಿತು. ಬೇಡಿಕೆ ನ್ಯಾಯವಾದುದೇ. ಆದರೆ ಬೇಡಿಕೆ ಒಂದು ಮೆಟ್ಟಿಲು, ಮಂಜೂರಾತಿ ಒಂದು, ಭೂಸ್ವಾಧೀನದ ಅಧಿಸೂಚನೆ ಒಂದು, ಟೆಂಡರು ಒಂದು, ಕೆಲಸ ಮುಗಿದು ಬಾಗಿಲು ತೆರೆಯುವುದು ಇನ್ನೊಂದು. ಪ್ರತಿ ಮೆಟ್ಟಿಲಿಗೂ ಬೆಲೆ ಏರುತ್ತದೆ. ದಲ್ಲಾಳಿ ಮಾತ್ರ ಮೊದಲ ಮೆಟ್ಟಿಲಲ್ಲಿ ನಿಂತು ಕೊನೆಯ ಮೆಟ್ಟಿಲಿನ ಬೆಲೆ ಕೇಳುತ್ತಾನೆ. “ಇಲ್ಲಿ ಬರುತ್ತದೆ” ಎಂದವರಿಗೆ “ಆದೇಶದ ಸಂಖ್ಯೆ ಯಾವುದು, ಸರ್ವೆ ನಂಬರು ಯಾವುದು” ಎಂದು ಕೇಳಿರಿ.

ಸುದ್ದಿ ಮುರಿದರೆ ಏನಾಗುತ್ತದೆಂದು ನಮ್ಮ ನೆರೆಯ ಆಂಧ್ರದಲ್ಲಿ ಕಂಡೆವು. ಗುಂಟೂರು, ವಿಜಯವಾಡಗಳ ನಡುವೆ ಅಮರಾವತಿ ಹೊಸ ರಾಜಧಾನಿಯೆಂದು ಹೇಳಿ 2015ರ ಅಕ್ಟೋಬರಿನಲ್ಲಿ ಅಡಿಗಲ್ಲು ಹಾಕಿದಾಗ ಅಲ್ಲಿಯ ಹೊಲಗಳ ಬೆಲೆ ಮುಗಿಲು ಮುಟ್ಟಿತ್ತು. 2019ರಲ್ಲಿ ಸರ್ಕಾರ ಬದಲಾಗಿ, ರಾಜಧಾನಿ ಮೂರು ಕಡೆ ಎಂದು ವರ್ಷದ ಕೊನೆಗೆ ಹೇಳಿದೊಡನೆ ಕುಸಿಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದಾಗ ಪುನಃ ಮೇಲೆದ್ದಿತು. ಅಷ್ಟು ವರ್ಷ ತಡೆದುಕೊಂಡವನು ಉಳಿದ. ಬಡ್ಡಿಗೆ ಹಣ ತಂದು ಕೊಂಡವನು ನಡುವೆಯೇ ಮಾರಿ ಹೋಗಬೇಕಾಯಿತು.

ಬಡ್ಡಿಯ ಲೆಕ್ಕ

ಈ ಮಾತನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ನೀವು 10 ಲಕ್ಷ ರೂಪಾಯಿಗೆ ನಗರದಲ್ಲಿ ನಿವೇಶನ ಕೊಳ್ಳುತ್ತೀರಿ. 4 ಲಕ್ಷ ಕೈಯದು, 6 ಲಕ್ಷ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯದು. ತಿಂಗಳಿಗೆ ಬಡ್ಡಿ 12,000. ವರ್ಷಕ್ಕೆ 1,44,000. ಮೂರು ವರ್ಷಕ್ಕೆ 4,32,000. ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರಗಳು, ನೋಂದಣಿ ಶುಲ್ಕ ಕೂಡಿ ಸುಮಾರು 76,000. (ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದು ಇದ್ದುದು ಎರಡಾಯಿತು.) ಮೂರು ವರ್ಷದ ಮೇಲೆ ಆ ನಿವೇಶನ 15 ಲಕ್ಷಕ್ಕೆ ಹೋದರೆ “ಐದು ಲಕ್ಷ ಲಾಭ” ಎಂದು ಊರೆಲ್ಲ ಹೇಳುತ್ತದೆ. ನಿಮ್ಮ ಗಂಟಿನಿಂದ ಹೋದದ್ದು 15 ಲಕ್ಷ 8 ಸಾವಿರ. ಲಾಭವೆಲ್ಲ ಬಡ್ಡಿಯವನದು.

ಸಾಲವಿಲ್ಲದೆ ಕೊಂಡರೂ ಒಂದು ಹೋಲಿಕೆ ಮಾಡಬೇಕು. ನೂರಕ್ಕೆ 7ರಂತೆ ಬಡ್ಡಿ ಬಡ್ಡಿಗೆ ಸೇರುತ್ತ ಹೋದರೆ 10 ಲಕ್ಷ ಹತ್ತು ವರ್ಷಕ್ಕೆ 19 ಲಕ್ಷ 67 ಸಾವಿರವಾಗುತ್ತದೆ. ಹತ್ತು ವರ್ಷಕ್ಕೆ ನಿವೇಶನ 18 ಲಕ್ಷವಾದರೆ ಅದು ಏರಿಕೆಯೆಂದು ಹಿಗ್ಗಬೇಕಾದುದಲ್ಲ. ನೀವೇ ಮನೆ ಕಟ್ಟಿ ಇರುವುದಾದರೆ, ಮಕ್ಕಳನ್ನು ಓದಿಸಲು ಬೇಕಾದರೆ, ಆ ಮಾತು ಬೇರೆ. ಇರುವ ಮನೆಗೆ ಲಾಭ ನಷ್ಟದ ಲೆಕ್ಕ ಇಷ್ಟು ಬಿಗಿಯಾಗಿ ಹಾಕಬೇಕಿಲ್ಲ.

ಹೊಲದ ಬೆಲೆ ಹದವಾಗಿದೆಯೇ ಎಂದು ಅಳೆಯಲು ಹಳೆಯ ಅಳತೆಗೋಲೊಂದಿದೆ. ಅದೇ ಸೀಮೆಯಲ್ಲಿ ಎಕರೆಗೆ ವರ್ಷಕ್ಕೆ ಎಷ್ಟು ಚೀಲ ಭತ್ತ, ಇಲ್ಲವೆ ಎಷ್ಟು ರೂಪಾಯಿ ಲೀಜು ನಡೆದಿದೆ ಎಂದು ಕೇಳಿರಿ. 30,000 ಲೀಜು ಬರುವ ಎಕರೆಗೆ 30 ಲಕ್ಷ ಕೇಳಿದರೆ, ನೂರಕ್ಕೆ ವರ್ಷಕ್ಕೆ ಒಂದೇ ರೂಪಾಯಿ ಹುಟ್ಟುವಳಿ. ಉಳಿದುದೆಲ್ಲ ಮುಂದೆ ಬೆಲೆ ಏರೀತೆಂಬ ಆಸೆಗೆ ಕೊಟ್ಟದ್ದು. ಆಸೆಗೆ ಎಷ್ಟು ಕೊಡಬಹುದೆಂದು ಮನೆಯವರೆಲ್ಲ ಕೂಡಿ ಕುಳಿತು ತೀರ್ಮಾನಿಸಿರಿ, ಹೆಂಗಸರನ್ನೂ ಕರೆದು. ಬಡ್ಡಿ ಕಟ್ಟಲು ಮೊದಲು ಹೋಗುವುದು ಅವರ ಕೊರಳ ಬಂಗಾರವೇ ತಾನೆ.

ನಗರದ ಅಂಚಿನ ಹೊಲವಿದ್ದವರು ಇನ್ನೊಂದು ಲೆಕ್ಕದಲ್ಲಿ ತಪ್ಪುತ್ತಾರೆ. ಮೂವತ್ತು-ನಲವತ್ತರ ನಿವೇಶನ 1,200 ಚದರ ಅಡಿ, ಎಕರೆಗೆ 43,560 ಚದರ ಅಡಿ, ಹಾಗಾದರೆ 36 ನಿವೇಶನ ಎಂದು ಗುಣಿಸಿ ಹಿಗ್ಗುತ್ತಾರೆ. ರಸ್ತೆ, ಚರಂಡಿ, ಉದ್ಯಾನ ಎಂದು ಬಿಟ್ಟ ಮೇಲೆ ಇಪ್ಪತ್ತರ ಆಸುಪಾಸು ಉಳಿದರೆ ಹೆಚ್ಚು. ಅದರ ಮೇಲೆ ಭೂಪರಿವರ್ತನೆಯ ಖರ್ಚು, ವರ್ಷಗಟ್ಟಲೆ ಕಾಯುವಿಕೆ.

ಕಾಗದದ ಬೆಲೆ

ಕಾಗದ ಸರಿಯಿಲ್ಲದ ಭೂಮಿ ಅಗ್ಗವಾಗಿ ಸಿಗುತ್ತದೆ. ಮಾರುವಾಗಲೂ ಅಗ್ಗವಾಗಿಯೇ ಹೋಗುತ್ತದೆ, ಹೋದರೆ. ಹೊಲವಾದರೆ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರ ಇಷ್ಟನ್ನು ಸಂಚಕಾರಕ್ಕೆ ಮೊದಲೇ ನೋಡಬೇಕು. ನಿವೇಶನವಾದರೆ ಭೂಪರಿವರ್ತನೆಯ ಆದೇಶ, ಪ್ರಾಧಿಕಾರ ಒಪ್ಪಿದ ಬಡಾವಣೆಯ ನಕ್ಷೆ, ಇ-ಖಾತೆ. ಹೊಲದಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದ ಮಾತ್ರಕ್ಕೆ ಅದು ಬಡಾವಣೆಯಾಗಲಿಲ್ಲ.

ದೇವದುರ್ಗ, ಮಾನ್ವಿಗಳಲ್ಲಿ ಇದೊಂದನ್ನು ವಿಶೇಷವಾಗಿ ನೋಡಿರಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲವೆಂದು 1978ರ ಕಾಯಿದೆ ಹೇಳುತ್ತದೆ. ಹಾಗೆ ಮಾರಿದ್ದರೆ ಭೂಮಿ ಮೂಲ ಮಂಜೂರಾದವರಿಗೇ ಮರಳುತ್ತದೆ. 2023ರ ತಿದ್ದುಪಡಿಯ ಮೇಲೆ, ಈ ಕಾಯಿದೆಯ ಮೊರೆ ಹೋಗಲು ಕಾಲಮಿತಿಯೂ ಇಲ್ಲ. ಅಂಥ ಭೂಮಿ ಇರುವ ಬಂಧುಗಳೂ ಈ ಕಾಯಿದೆ ತಮ್ಮ ಬೆನ್ನಿಗಿದೆಯೆಂದು ತಿಳಿದಿರಲಿ.

2020ರವರೆಗೆ ಬೇಸಾಯಗಾರನಲ್ಲದವನು ಕರ್ನಾಟಕದಲ್ಲಿ ಹೊಲ ಕೊಳ್ಳುವುದು ಕಷ್ಟವಿತ್ತು. ಆ ವರ್ಷ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ ಆ ತಡೆ ಹೋಯಿತು. ಹೀಗಾಗಿ ಹೊಲ ಕೇಳಿ ಬರುವವರು ಊರವರೇ ಆಗಿರಬೇಕಿಲ್ಲ. ದೊಡ್ಡ ಪಟ್ಟಣದ ಹಣವೂ ಬಂದೀತು. ಮಾರುವವನಿಗೆ ಇದು ಒಳ್ಳೆಯ ಬೆಲೆ. ಮಾರಿ ಮತ್ತೆ ಅಲ್ಲಿಯೇ ಕೊಳ್ಳಲು ಹೊರಟವನಿಗೆ ಅದೇ ಬೆಲೆ ಗೋಡೆಯಾಗುತ್ತದೆ.

ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸುವ ರೂಢಿ ನಮ್ಮಲ್ಲಿದೆ, ಶುಲ್ಕ ಉಳಿಯಲೆಂದು. ಅದರ ಪೆಟ್ಟು ಬೇರೆ ಕಡೆ ಬೀಳುತ್ತದೆ. ಹೆದ್ದಾರಿಗೆ, ಕಾಲುವೆಗೆ ಭೂಮಿ ಹೋದಾಗ 2013ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರ ಕಟ್ಟುವುದು ಹೇಗೆ ಗೊತ್ತೆ? ಸುತ್ತಲಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ, ಸರಾಸರಿ ತೆಗೆದು, ಅದನ್ನು ಸರ್ಕಾರದ ಮಾರ್ಗಸೂಚಿ ದರದೊಡನೆ ಹೋಲಿಸಿ, ಹೆಚ್ಚಿನದನ್ನು ಹಿಡಿಯುತ್ತಾರೆ. ಹಳ್ಳಿಯ ಭೂಮಿಗೆ ಅದನ್ನು ಎರಡು ಪಟ್ಟಿನವರೆಗೆ ಹೆಚ್ಚಿಸಿ, ಮೇಲೆ ಅಷ್ಟೇ ಮೊತ್ತದ ಸಾಂತ್ವನ ಹಣ ಸೇರಿಸುವುದುಂಟು. ಊರೆಲ್ಲ ಸುಳ್ಳು ಬೆಲೆ ಬರೆಸಿದ್ದರೆ ಊರಿಗೆಲ್ಲ ಸಿಗುವುದು ಸುಳ್ಳು ಬೆಲೆಯ ಪರಿಹಾರವೇ. ಇದಲ್ಲದೆ, ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತವನ್ನು ನಗದಾಗಿ ತೆಗೆದುಕೊಳ್ಳಬಾರದೆಂದು 2015ರಿಂದ ನಿಯಮವಿದೆ. ಬ್ಯಾಂಕಿನ ಮೂಲಕವೇ ಕೊಟ್ಟು ತೆಗೆದುಕೊಳ್ಳಿರಿ.

ಕೊಳ್ಳುವ ಹೊಲವನ್ನು ಮಳೆಗಾಲದಲ್ಲಿ ಒಮ್ಮೆ, ಫೆಬ್ರವರಿ–ಮಾರ್ಚಿನಲ್ಲಿ ಒಮ್ಮೆ ಕಾಲಿಂದ ನಡೆದು ನೋಡಿರಿ. ಮೊದಲ ಸಲ ನೀರು ಎಲ್ಲಿ ನಿಲ್ಲುತ್ತದೆಂದು ಕಾಣುತ್ತದೆ, ಎರಡನೆಯ ಸಲ ನೀರು ಎಲ್ಲಿಯವರೆಗೆ ಬರುತ್ತದೆಂದು. ಮಾರುವವನನ್ನು ಬಿಟ್ಟು ಪಕ್ಕದ ಹೊಲದವರನ್ನೂ, ಕಾಲುವೆಗೆ ನೀರು ಬಿಡುವ ಕೆಲಸದವರನ್ನೂ ಕೇಳಿರಿ. ಆ ಸರ್ವೆ ನಂಬರಿನ ಆಸುಪಾಸಿನಲ್ಲಿ ಇತ್ತೀಚೆಗೆ ನೋಂದಾದ ಕ್ರಯಗಳನ್ನೂ, 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ದರ ಆಮೇಲೆ ಬದಲಾಗಿದೆಯೇ ಎಂಬುದನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಬಹುದು.

ಮಾರುವವರಿಗೆ ಒಂದು ಮಾತು ಉಳಿಯಿತು. ಹಳ್ಳಿಯ ಬೇಸಾಯದ ಭೂಮಿ ಮಾರಿದ ಲಾಭಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಆದರೆ ಊರ ಎಲ್ಲೆಯಿಂದ ನೇರ ಅಳತೆಯಲ್ಲಿ, 10,000ಕ್ಕೆ ಮೇಲ್ಪಟ್ಟು ಒಂದು ಲಕ್ಷದವರೆಗೆ ಜನವಿರುವ ಪಟ್ಟಣಕ್ಕೆ 2 ಕಿಲೋಮೀಟರು, ಒಂದು ಲಕ್ಷಕ್ಕೆ ಮೇಲ್ಪಟ್ಟು ಹತ್ತು ಲಕ್ಷದವರೆಗಿನ ನಗರಕ್ಕೆ 6 ಕಿಲೋಮೀಟರು ಒಳಗಿನ ಹೊಲ ಈ ಲೆಕ್ಕಕ್ಕೆ ಹಳ್ಳಿಯ ಭೂಮಿಯಲ್ಲ. 2011ರ ಜನಗಣತಿಯಂತೆ ಮಾನ್ವಿ, ದೇವದುರ್ಗ ಮೊದಲ ಬಗೆಗೆ ಸೇರುತ್ತವೆ, ರಾಯಚೂರು ಎರಡನೆಯದಕ್ಕೆ. ನಿಮ್ಮ ಹೊಲ ಯಾವ ಕಡೆಗಿದೆ ಎಂಬುದನ್ನು ಮಾರುವ ಮೊದಲೇ ಅಳೆಸಿ ನೋಡಿಕೊಳ್ಳಿರಿ.